ಹದಿನೇಳು ಸಲ ನಿಂತ ಕಂಪ್ಯೂಟರ್

ಬೆಳಗಾವಿಯ ಶಹಾಪುರದ ನಮ್ಮ ನೇಕಾರರ ಮನೆಯಲ್ಲಿ ಸೀರೆಯ ದಡಿ, ಸೆರಗಿನ ನಕ್ಷೆ ಬರೆಯುವುದು ನನ್ನ ಕೆಲಸ. ಮೊದಲು ಮಾವನವರು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಮನೆಗೊಂದು ಕಂಪ್ಯೂಟರ್ ಬಂತು, ನಾನು ಕಲಿತೆ. ಅದರಲ್ಲಿರುವ ನಕ್ಷೆ ಬರೆಯುವ ಪ್ರೋಗ್ರಾಂ ಈಗಿನ ಯಂತ್ರಗಳಲ್ಲಿ ನಡೆಯುವುದಿಲ್ಲ. ಹಾಗಾಗಿ ಹೋದ ವರ್ಷ ಆ ಕಂಪ್ಯೂಟರ್ ನಡುನಡುವೆ ನಿಲ್ಲತೊಡಗಿದಾಗ ನನಗೆ ಕೈಕಾಲು ಆಡಲಿಲ್ಲ.

ಅರ್ಧ ಹೂವು ಬರೆದಿರುತ್ತಿದ್ದೆ, ಇದ್ದಕ್ಕಿದ್ದಂತೆ ಪರದೆ ನೀಲಿಯಾಗಿ ತುಂಬ ಬಿಳಿ ಅಕ್ಷರಗಳು. ಮತ್ತೆ ಚಾಲೂ ಮಾಡಿದರೆ, ಆದ ತೊಂದರೆಯ ವರದಿ ಕಳಿಸಲೇ ಎಂದು ಚಿಕ್ಕದೊಂದು ಚೌಕಟ್ಟು ಕೇಳುತ್ತಿತ್ತು. ಯಾರೋ ಓದಿ ಸರಿಮಾಡುತ್ತಾರೆಂದು ನಂಬಿ ಪ್ರತಿ ಸಲವೂ ‘ಕಳಿಸು’ ಒತ್ತುತ್ತಿದ್ದೆ. ಆ ಕಂಪ್ಯೂಟರಿಗೆ ಇಂಟರ್‌ನೆಟ್ಟೇ ಇಲ್ಲ, ವರದಿ ಎಲ್ಲಿಗೂ ಹೋಗುತ್ತಿಲ್ಲ ಎಂಬುದು ಹೊಳೆಯಲು ಒಂದು ವಾರ ಬೇಕಾಯಿತು.

ಯಜಮಾನರು ಕಂಪ್ಯೂಟರಿನ ಡಬ್ಬಿಯನ್ನು ಸ್ಕೂಟರಿನ ಮೇಲಿಟ್ಟುಕೊಂಡು ಟಿಳಕವಾಡಿಯ ರಿಪೇರಿ ಅಂಗಡಿಯೊಂದಕ್ಕೆ ಒಯ್ದರು. ಅಲ್ಲಿಯವನು ತೆರೆದೂ ನೋಡದೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ ಎಂದನಂತೆ. ಯಜಮಾನರಿಗೂ ಸಾಕಾಗಿತ್ತು.

“ಅದರ ಆಯುಷ್ಯ ಮುಗದೈತಿ, ಬಿಟ್ಟಬಿಡು,” ಎಂದರು.

“ಯಾಕ ನಿಂದರತೈತಿ ಅನ್ನೂದು ಗೊತ್ತಾಗೂತನಕ ಬಿಡೂದಿಲ್ರಿ,” ಎಂದೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ನಿಂತ ಹೊತ್ತು, ಆಗ ಏನು ಮಾಡುತ್ತಿದ್ದೆ, ನೀಲಿ ಪರದೆಯ ಮೇಲಿನ ಅಂಕಿ ಅಕ್ಷರ, ಎಲ್ಲ ಬರೆದೆ. ಇಂಗ್ಲಿಷ್ ಅಷ್ಟಾಗಿ ಬಾರದು. ರಂಗೋಲಿಯ ಎಳೆ ನೋಡಿ ಬಿಡಿಸುವಂತೆ ಅಕ್ಷರಗಳನ್ನು ನೋಡಿ ನೋಡಿ ಬಿಡಿಸಿದೆ. ಹದಿನೇಳು ಸಲವಾದ ಮೇಲೆ ಕೂತು ಓದಿದರೆ, ಹೆಚ್ಚಿನವು ಮಗ್ಗ ನಡೆಯುವ ಹೊತ್ತಿನವು. ಕಂಪ್ಯೂಟರ್ ಇದ್ದದ್ದು ಮಗ್ಗದ ಕೋಣೆಯ ಗೋಡೆಗೆ ಒತ್ತಿ. ಮಗ್ಗ ಬಡಿದಾಗ ಕಪ್ಪಿನೊಳಗಿನ ಚಹಾ ಕೂಡ ನಡುಗುತ್ತಿತ್ತು. ಈ ಅದುರಾಟವೇ ಕಾರಣ, ಗೆದ್ದೆ ಎಂದುಕೊಂಡು ಕಂಪ್ಯೂಟರನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಸಾಗಿಸಿದೆ. ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ, ಮಗ್ಗ ನಿಂತಿದ್ದಾಗಲೇ, ಮತ್ತೆ ನೀಲಿ.

ಅಳು ಬಂತು. ಆದರೂ ಅದುರಾಟದಿಂದ ಒಳಗೇನೋ ಕೆಟ್ಟಿರಬೇಕು ಎಂಬ ಗುಮಾನಿ ಬಿಡಲಿಲ್ಲ. ನೋಟ್‌ಬುಕ್ಕಿನ ಅಂಕಿಗಳನ್ನು ಮೊಬೈಲಿನಲ್ಲಿ ಹುಡುಕಿದೆ. ಮೆಮೊರಿ ನೋಡಿ ಎಂದು ಹಲವರು ಬರೆದಿದ್ದರು. ಪ್ಲಗ್ ಕಿತ್ತು ಡಬ್ಬಿ ಬಿಚ್ಚಿದೆ. ಒಳಗೆ ಮೆಮೊರಿಯ ಎರಡು ಹಸಿರು ಪಟ್ಟಿಗಳು. ಅವುಗಳ ಅಂಚನ್ನು ರಬ್ಬರಿನಿಂದ ಒರೆಸಿ, ಒಂದೊಂದನ್ನೇ ಹಾಕಿ ನಡೆಸಿ ನೋಡಿದೆ. ಒಂದರ ಮೇಲೆ ಇಡೀ ದಿನ ನಡೆಯಿತು. ಇನ್ನೊಂದರ ಮೇಲೆ ಅನ್ನ ಆಗುವಷ್ಟರಲ್ಲಿ ನಿಂತಿತು. ಕೆಟ್ಟದ್ದು ಯಾವುದೆಂದು ಕೊನೆಗೂ ತಿಳಿಯಿತು. ಆದರೆ ಒಂದೇ ಪಟ್ಟಿಯ ಮೇಲೆ ದೊಡ್ಡ ಸೆರಗಿನ ನಕ್ಷೆ ತೆರೆಯುತ್ತಿರಲಿಲ್ಲ, ಅಷ್ಟು ಹಳೆಯ ಪಟ್ಟಿ ಬೆಳಗಾವಿಯಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಖಾನಾಪುರದಲ್ಲಿ ನನ್ನ ಅಕ್ಕನ ಮನೆಯ ಬಾಜೂಕೆ ಮರಾಠಿ ಮನೆಮಾತಿನ ಟೀಚರೊಬ್ಬರು ಹಿಂದೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಫೋನ್ ಮಾಡಿದರೆ, ಆ ಕಾಲದ ಒಂದು ಯಂತ್ರ ಇನ್ನೂ ಇದೆ, ಬಾ ಎಂದರು. ಬೆಳಗಿನ ರೈಲಿಗೆ ಹೊರಟೆ. ಹೋಲಿಸಿ ನೋಡಲು ಕೆಟ್ಟ ಪಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡು, ದೇಸೂರ ಸ್ಟೇಷನ್ ದಾಟುವವರೆಗೂ ಚೀಲ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಟೀಚರು ಯಂತ್ರದ ಮೇಲಿನ ಬಟ್ಟೆ ತೆಗೆದರು. “ಮೊದ್ಲ ಒಮ್ಮೆ ಚಾಲೂ ಮಾಡಿ ನೋಡೂಣು. ಆಮ್ಯಾಲೆ ತಗಿ,” ಎಂದರು.

ಯಂತ್ರ ಎದ್ದಿತು. ಪರದೆಯ ಮೇಲೆ ಅವರ ಕ್ಲಾಸಿನ ಹುಡುಗಿಯರ ಹೆಸರುಗಳು ಸಾಲಾಗಿ ಬಂದವು. ಒಂದೊಂದನ್ನೇ ಓದಿ, ಯಾರು ಈಗ ಎಲ್ಲಿ ಕೆಲಸಕ್ಕಿದ್ದಾರೆ ಎಂದು ಹೇಳುತ್ತ ಹೋದರು. ನಾನು ಹೊರತೆಗೆದಿದ್ದ ಸ್ಕ್ರೂಡ್ರೈವರನ್ನು ಮತ್ತೆ ಚೀಲಕ್ಕೆ ಹಾಕಿದೆ. ಕೊನೆಗೆ ಅವರೇ ಆಫ್ ಮಾಡಿ, ಒಳಗಿನ ಎರಡೂ ಪಟ್ಟಿ ಒಯ್ಯಿ ಎಂದರು. ಎರಡೂ ನನ್ನದಕ್ಕೆ ಹೊಂದುವಂಥವೇ. ನಾನು ಒಂದನ್ನಷ್ಟೇ ತೆಗೆದೆ.

“ಒಂದರ ಮ್ಯಾಲೂ ನಿಮ್ಮದು ನಡೀತೈತ್ರಿ ಟೀಚರ್,” ಎಂದು ಮತ್ತೆ ಚಾಲೂ ಮಾಡಿ ತೋರಿಸಿದೆ. ತಡವಾಗಿ ಬಂದವು, ಆದರೆ ಹೆಸರುಗಳೆಲ್ಲ ಬಂದವು.

ಸಂಜೆ ಮನೆಗೆ ಬಂದವಳೇ ಪಟ್ಟಿ ಕೂಡಿಸಿದೆ. ನಾಲ್ಕು ದಿನ ಕೂತು, ಅರ್ಧಕ್ಕೆ ಬಿದ್ದಿದ್ದ ಸೆರಗಿನ ನಕ್ಷೆ ಮುಗಿಸಿದೆ. ಒಮ್ಮೆಯೂ ನಿಲ್ಲಲಿಲ್ಲ. ಮರುದಿನ ಯಜಮಾನರು ಬಡಿಗನನ್ನು ಕರೆಸಿ, ಅಡುಗೆಮನೆಯ ಪಕ್ಕದ ಕೋಣೆಗೆ ಕಂಪ್ಯೂಟರ್ ಇಡಲು ಗಟ್ಟಿಯಾದ ಒಂದು ಮೇಜಿನ ಅಳತೆ ಕೊಟ್ಟರು.