ಮಗ್ಗಕ್ಕೂ ಸೂಟಿ, ನನಗೂ ಸೂಟಿ

ನಾನು ಬ್ಯಾಂಕಿನ ನೌಕರ ಎಂದು ತಿಳಿದ ಕೂಡಲೇ ಗಜೇಂದ್ರಗಡದ ಜನ ಕೇಳುವ ಮೊದಲ ಪ್ರಶ್ನೆ, "ನಾಳೆ ಸೂಟಿ ಐತೇನ್ರಿ?" ನನ್ನ ಆರೋಗ್ಯವನ್ನು ಯಾರೂ ವಿಚಾರಿಸಿದ್ದಿಲ್ಲ. ಮದುವೆಯ ಊಟಕ್ಕೆ ಕೂತರೂ ಪಕ್ಕದವರು, ನಿಮ್ಮದೇ ಬದುಕು ಬಿಡ್ರಿ, ವರ್ಷವೆಲ್ಲ ಸೂಟಿ ಎನ್ನುತ್ತ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಮೊದಮೊದಲು ನಾಚುತ್ತಿದ್ದೆ. ಈಗ ನಾಚುವುದಿಲ್ಲ. ಹೌದು, ನಮಗೆ ಸೂಟಿ ಇದೆ, ಅದಕ್ಕೊಂದು ಕಾಯ್ದೆಯೂ ಇದೆ. ಪಕ್ಕದ ಹಳ್ಳಿ ಮುಶಿಗೇರಿಯ ಎತ್ತುಗಳಿಗೆ ಯಾವ ಕಾಯ್ದೆಯೂ ಇಲ್ಲದೆ, ಬಸವಣ್ಣನ ವಾರವೆಂದು ಸೋಮವಾರ ಸೂಟಿ. ಅಂದು ಅವುಗಳ ಹೆಗಲ ಮೇಲೆ ನೊಗ ಇಡುವ ಧೈರ್ಯ ಯಾವ ಗೌಡನಿಗೂ ಇಲ್ಲ. ಎತ್ತಿಗಿರುವ ಮಾನ ಗುಮಾಸ್ತನಿಗೆ ಬೇಡವೇ?

ಹೀಗೆ ಎದೆ ಸೆಟೆಸಿ ಮಾತಾಡುವುದನ್ನು ಕಲಿಸಿದವಳು ಹೆಂಡತಿ. ಅವಳು ಮನೆಯಲ್ಲೇ ಕೈಮಗ್ಗದ ಮೇಲೆ ಸೀರೆ ನೇಯುತ್ತಾಳೆ. ಅಮಾವಾಸ್ಯೆಯ ದಿನ ಮಾತ್ರ ಮಗ್ಗ ಮುಟ್ಟುವುದಿಲ್ಲ. ಕಟ್ಟಿಗೆಯ ಮಗ್ಗಕ್ಕೆ ಅಮಾವಾಸ್ಯೆ ಹೇಗೆ ಗೊತ್ತಾಗಬೇಕು ಎಂದು ಒಮ್ಮೆ ಚೇಷ್ಟೆ ಮಾಡಿದ್ದೆ.

"ಮಗ್ಗಕ್ಕ ಗೊತ್ತಾಗಂಗಿಲ್ಲ, ನನಗ ಗೊತ್ತಾಗತೈತಿ," ಎಂದಿದ್ದಳು.

ತೊಡಕೆಂದರೆ, ನನ್ನ ರವಿವಾರ ಅವಳ ಮಗ್ಗ ಸದ್ದು ಮಾಡುತ್ತಿರುತ್ತದೆ. ಅವಳ ಅಮಾವಾಸ್ಯೆಗೆ ನಾನು ಕೌಂಟರಿನಲ್ಲಿರುತ್ತೇನೆ. ಅಪರೂಪಕ್ಕೆ ಎರಡೂ ಕೂಡಿ ಬಂದರೆ ಮನೆಗೆ ಬೀಗರು ಬರುತ್ತಾರೆ. ಇಬ್ಬರೂ ಕೂಡಿ ಇಟಗಿಯ ಭೀಮಾಂಬಿಕೆಯ ಗುಡಿಗೆ ಹೋಗಬೇಕೆಂಬ ಅವಳ ಆಸೆ ಹೀಗೇ ಮುಂದಕ್ಕೆ ಹೋಗುತ್ತಿತ್ತು. ಈ ಸಲ ಮಹಾಲಯ ಅಮಾವಾಸ್ಯೆಗೆ ಬ್ಯಾಂಕಿಗೂ ಸೂಟಿ, ಬೀಗರ ಸುಳಿವೂ ಇಲ್ಲ. ಅವಳು ನಸುಕಿನಲ್ಲೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಇಟ್ಟು ಬುತ್ತಿ ಕಟ್ಟಿದಳು.

ಚಪ್ಪಲಿ ಮೆಟ್ಟುವಾಗ ಮ್ಯಾನೇಜರ್ ಸಾಹೇಬರ ಫೋನು. ಕೆಲಸ ಉಳಿದಿದೆ, ಬಂದುಬಿಡಿ, ಶಟರ್ ಅರ್ಧ ಎಳೆದು ಮುಗಿಸೋಣ, ಯಾರಿಗೆ ಗೊತ್ತಾಗುತ್ತದೆ ಎಂದರು. ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಹೆಂಡತಿ ಬುತ್ತಿಯ ಗಂಟು ಬಿಚ್ಚತೊಡಗಿದಳು. ಅದನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು.

"ಯಾರಿಗೂ ಗೊತ್ತಾಗಂಗಿಲ್ರಿ ಸಾಹೇಬ್ರ, ನನಗ ಗೊತ್ತಾಗತೈತ್ರಿ. ನಾ ಬರಂಗಿಲ್ರಿ."

ಇಷ್ಟು ವರ್ಷದ ನೌಕರಿಯಲ್ಲಿ ಸಾಹೇಬರಿಗೆ ಒಲ್ಲೆ ಎಂದದ್ದು ಅದೇ ಮೊದಲು. ಖರೇ ಹೇಳಬೇಕೆಂದರೆ ಭಾಳ ಸಂತೋಷವಾಗಿತ್ತು. ಅವಳು ಗಂಟನ್ನು ಮತ್ತೆ ಬಿಗಿದಳು, ಮೊದಲಿಗಿಂತ ಗಟ್ಟಿಯಾಗಿ.

ಬಸ್ಸು ಊರು ದಾಟುವಷ್ಟರಲ್ಲಿ ಅಂಗಿಯ ಕಿಸೆಯಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಯಾರದು ನೋಡಬಾರದೇ ಎಂದು ಅವಳೇ ಕೇಳಿದಳು.

"ಇವತ್ತ ಅಮಾಸಿ ಐತಿ," ಎಂದೆ. "ಮುಟ್ಟಂಗಿಲ್ಲ."