ಆನೆತಲೆ ಬರುವ ಮುಂಚಿನ ಗಣಪ

“ಇನ್ನೂ ಆನೀ ತಲಿ ಬಂದಿಲ್ಲ, ಅದಕ್ಕ ನಿಮಗ ಗುರ್ತ ಸಿಗವಲ್ದು” ಎಂದು ಬಾಜೂ ಮನೆಯ ಗಂಗವ್ವ ಗಂಡನ ಬಾಯಿ ಮುಚ್ಚಿಸಿದರು. ಮರುದಿನ ಅವರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನವಲಗುಂದದ ಸಂತೆಯಲ್ಲಿ ತಂದ ಪಟವನ್ನು ತೊಟ್ಟಿಲ ಮೇಲಿನ ಗೋಡೆಗೆ ಹಾಕಿ, ಅದರಲ್ಲಿದ್ದ ತಾಯಿಗೂ ಎರಡು ಕೂಸುಗಳಿಗೂ ಆಗಲೇ ವಿಭೂತಿ ಹಚ್ಚಿದ್ದರು. ತಾಯಿ ಪಾರ್ವತಿ, ತೊಡೆಯ ಮೇಲಿನ ಗುಂಡು ಕೂಸು ಗಣಪ, ತೊಗಲು ಸುತ್ತಿಕೊಂಡು, ಕೋಲು ಹಿಡಿದು ನಿಂತವನು ಷಣ್ಮುಖ.

ಗಂಡ ಬಸಪ್ಪನವರಿಗೆ ಮಾತ್ರ ಸಂಶಯ. ಬೀಗರೆದುರು ನಗೆಪಾಟಲಾಗುವ ಮೊದಲು ಪಟ ಇಳಿಸಬೇಕೆಂಬುದು ಅವರ ಹಟ. ನಿವೃತ್ತ ಡ್ರಾಯಿಂಗ್ ಮಾಸ್ತರನೆಂಬ ಕಾರಣಕ್ಕೆ ತೀರ್ಪಿನ ಭಾರ ನನ್ನ ಮೇಲೆ ಬಿತ್ತು.

ನಾನು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಹೈಕೋರ್ಟಿನ ಗಾಂಭೀರ್ಯದಿಂದ ಸತ್ಯ ನುಡಿದೆ. ತಾಯಿ ಮೇರಿ, ತೊಡೆಯ ಮೇಲೆ ಯೇಸು, ನಿಂತವನು ಬಂಧುಗಳ ಮಗ ಯೋಹಾನ.

ಬಸಪ್ಪನವರು ಪಟ ಇಳಿಸಲು ಸ್ಟೂಲು ತಂದರು.

“ಅಂದ್ರ ನಿಂತಾಂವ ಅಕೀ ಮಗಾ ಅಲ್ಲೇನ್ರಿ ಸರ?” ಎಂದರು ಗಂಗವ್ವ.

“ಅಲ್ಲವ್ವಾ.”

“ಆದ್ರೂ ಅವನ ಹೆಗಲ ಮ್ಯಾಲ ಹೆಂಗ ಕೈ ಹಾಕ್ಯಾಳ ನೋಡ್ರಿ. ತನ್ನ ಮಕ್ಕಳ್ನ ಸಂಭಾಳಿಸೂದು ಎಲ್ಲಾರಿಗೂ ಬರತೈತಿ. ಈಕಿ ಮಂದಿ ಕೂಸನ್ನೂ ತನ್ನದ ಅಂತ ಹಿಡದಾಳ. ತೊಟ್ಟಲ ಮ್ಯಾಲ ಇಂಥಾಕೀನ ಇರಬೇಕ್ರಿ.”

ಬಸಪ್ಪನವರು ಸ್ಟೂಲು ಹತ್ತಿದರು. ಸೊಟ್ಟಗಿದ್ದ ಪಟವನ್ನು ನೆಟ್ಟಗೆ ಮಾಡಿ ಕೆಳಗಿಳಿದರು.

ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದವನು ನಾನು; ಈ ಚಿತ್ರವನ್ನು ಪುಸ್ತಕಗಳಲ್ಲಿ ಎಷ್ಟೋ ಸಲ ಕಂಡಿದ್ದೆ. ಆ ತಾಯಿಯ ಇನ್ನೊಂದು ಕೈ ಎಲ್ಲಿದೆಯೆಂದು ನೋಡಿದ್ದು ಅವತ್ತೇ ಮೊದಲು.