ಅಟ್ಟೆ ಮಾಮ ಅಳೆಯದ ಪಾದ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಟದ ಮೈದಾನದ ಕೆಳಮೆಟ್ಟಿಲ ಮೇಲೆ ಕುಳಿತ ಹಿರಿಯರೊಬ್ಬರು ಓಡುವವರ ಮುಖ ನೋಡುತ್ತಿಲ್ಲ, ಪಾದ ನೋಡುತ್ತಿದ್ದಾರೆ. ಯಾರ ಹಿಮ್ಮಡಿ ಒಳಕ್ಕೆ ವಾಲುತ್ತದೆ, ಯಾರು ಮುಂಗಾಲಲ್ಲೇ ಪುಟಿಯುತ್ತಾರೆ, ಎಲ್ಲವೂ ಅವರಿಗೆ ಬೇಕು. ಮೈದಾನದವರ ಬಾಯಲ್ಲಿ ಅವರು ಅಟ್ಟೆ ಮಾಮ. ಯಾರು ಎದುರಾದರೂ ಮೊದಲ ಮಾತೇ "ಶೂ ತಿರುಗ್ಸಿ, ಅಟ್ಟೆ ತೋರ್ಸಿ" ಎಂದಾದ್ದರಿಂದ ಅಂಟಿಕೊಂಡ ಹೆಸರು. ಸವೆದ ಅಟ್ಟೆ ನೋಡಿದರೆ ನಡಿಗೆ ತಿಳಿಯುತ್ತದಂತೆ.

ಗೇಟಿನ ಎದುರಿಗೇ ಅವರ ಶೂ ಅಂಗಡಿ. ಬಾಗಿಲು ತೆರೆಯುವುದು ಮಾತ್ರ ಮಧ್ಯಾಹ್ನ ಕಳೆದ ಮೇಲೆ. ಬೆಳಗ್ಗೆಯೇ ಬಂದು ಗೋಗರೆಯುವವರಿಗೆ ಒಂದೇ ಉತ್ತರ: "ಈಗ ಪಾದ ಕುಗ್ಗಿರುತ್ತೆ. ದಿನವೆಲ್ಲ ಓಡಾಡಿ ಊದಿಕೊಂಡ ಮೇಲೆ ಬನ್ನಿ. ಆಗ ಹಿಡಿಸಿದ್ದು ಯಾವಾಗ್ಲೂ ಹಿಡಿಸುತ್ತೆ." ಬಾಗಿಲಿಗೆ ಬಂದ ಗಿರಾಕಿಯನ್ನು ಹೀಗೆ ವಾಪಸ್ ಅಟ್ಟುವವರು ಉದ್ಧಾರವಾದದ್ದುಂಟೇ? ಇವರೂ ಆಗಿಲ್ಲ. ಮೂವತ್ತು ವರ್ಷಗಳಿಂದ ಅದೇ ಒಂದು ಬೆಂಚು, ಒಂದು ಅಳತೆಹಲಗೆ, ಚಾವಣಿಯವರೆಗೆ ಪೆಟ್ಟಿಗೆಗಳು. ದಿನಕ್ಕೆ ನಾಲ್ಕೈದು ಜೋಡಿ ಹೋದರೆ ದೊಡ್ಡ ಮಾತು.

ಸಂಜೆ ಬಂದ ತರುಣನೊಬ್ಬ ಕೆಂಪು ಜೋಡಿಯನ್ನು ಎದೆಗವಚಿಕೊಂಡಿದ್ದಾನೆ. "ಬಣ್ಣಕ್ಕೆ ಮರುಳಾಗ್ಬೇಡಪ್ಪ, ಓಡುವಾಗ ನೀನೇನು ಕಾಲು ನೋಡ್ಕೊಂಡು ಓಡ್ತೀಯಾ?" ಎಂದು ಮಾಮ ಅವನ ಎರಡೂ ಪಾದ ಅಳೆಯುತ್ತಾರೆ. ಎರಡು ಪಾದ ಅಣ್ಣತಮ್ಮಂದಿರು, ಅವಳಿಗಳಲ್ಲ ಎಂಬುದು ಅವರ ಸಿದ್ಧಾಂತ. ದೊಡ್ಡ ಪಾದಕ್ಕೆ ಹಿಡಿಸಬೇಕು, ಮುಂದೆ ಹೆಬ್ಬೆರಳಗಲ ಜಾಗ ಉಳಿಯಬೇಕು. ಆಮೇಲೆ ಬೀದಿಯ ತಿರುವಿನವರೆಗೆ ಓಡಿ ಬರಬೇಕು.

ಒಂದು ಕಾಲದಲ್ಲಿ ಅವರೂ ಓಡಿದವರೇ. ಅಣ್ಣ ಹಾಕಿ ಬಿಟ್ಟ ಶೂಗಳ ತುದಿಗೆ ಚಿಂದಿ ತುರುಕಿ ಓಡುತ್ತಿದ್ದರು. ಉಗುರುಗಳು ಉದುರಿದವು, ಮಂಡಿ ಕೈಕೊಟ್ಟಿತು, ಓಟ ನಿಂತಿತು. ಓಡುತ್ತಿದ್ದ ದಿನಗಳಲ್ಲಿ ಕೊನೆಯ ಗೆರೆಯಾಚೆ ಇವರ ಚಪ್ಪಲಿ ಹಿಡಿದು ಕಾಯುತ್ತಿದ್ದ ಪಕ್ಕದ ಬೀದಿಯ ಹುಡುಗಿಯೇ ಈಗಿನ ಮನೆಯಾಕೆ. ಮದುವೆಯ ಹೊಸತರಲ್ಲಿ ಆಕೆಗೆ ಬಿಳಿ ಕ್ಯಾನ್ವಾಸ್ ಶೂ ಕೊಡಿಸಿದ್ದರು. "ಐದನೇ ನಂಬರು. ಹಾಕ್ಕೊಂಡು ಬೀದಿಯೆಲ್ಲ ಸುತ್ತಿದ್ಲು. ಜನ ನಕ್ಕರು, ಇವಳು ಕ್ಯಾರೇ ಅನ್ಲಿಲ್ಲ" ಎನ್ನುವಾಗ ಮಾಮನ ಮುಖ ಅರಳುತ್ತದೆ. ಅದು ಹರಿದ ಮೇಲೆ ಮಕ್ಕಳು, ಮನೆ, ಒಲೆ. ಹವಾಯಿ ಚಪ್ಪಲಿಯಲ್ಲೇ ಆಕೆಯ ಅರ್ಧ ಆಯುಷ್ಯ ಕಳೆಯಿತು.

ಈ ವರ್ಷ ಆಕೆಯ ಕಾಲು ಬಿಗಿಯತೊಡಗಿದೆ. ದಿನಾ ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಮಾಮ ಅಂದೇ ಅಂಗಡಿಯ ಒಳ್ಳೆಯ ಜೋಡಿಯನ್ನು ಮನೆಗೆ ಒಯ್ದರು. ಅಳೆಯಲಿಲ್ಲ. ಹೆಂಡತಿಯ ಪಾದ ತನಗೆ ಗೊತ್ತಿಲ್ಲವೇ? ಐದು! ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ಆಕೆ ಕೆಲವು ದಿನ ನಡೆದು, "ಇದೆಲ್ಲ ನಂಗೆ ಆಗಿಬರಲ್ಲ" ಎಂದು ಕುಳಿತುಬಿಟ್ಟರು. ಸೋಮಾರಿತನ ಎಂದು ಮಾಮ ರೇಗಿದರು. ಆಕೆಯ ಕಾಲಿನ ಕಪ್ಪಾದ ಉಗುರು ಕಣ್ಣಿಗೆ ಬಿದ್ದದ್ದು ಮೊನ್ನೆ.

"ಯಾಕೆ ಹೇಳ್ಲಿಲ್ಲ ಅಂದ್ರೆ, 'ಅಷ್ಟು ಖುಷಿಯಿಂದ ತಂದಿದ್ರಿ' ಅಂದ್ಲು. ಊರಿಗೆಲ್ಲ ಅಳತೆ ಹೇಳೋ ನಾನು ಹಳೇ ನೆನಪಿಗೆ ಶೂ ತಂದಿದ್ದೆ" ಎನ್ನುತ್ತಾ ಮಾಮ ಕಣ್ಣು ಒರೆಸಿಕೊಳ್ಳುತ್ತಾರೆ. ಆ ನೆನಪು ಎಷ್ಟು ಸೊಗಸಾಗಿತ್ತು ಎಂಬುದೇ ಸಂಕಟ.

ತರುಣ ಹೋದ ಮೇಲೆ ಮನೆಯಾಕೆ ಅಂಗಡಿಗೆ ಬರುತ್ತಾರೆ, ಮೊದಲ ಬಾರಿ ಗಿರಾಕಿಯಾಗಿ, ಒಲ್ಲದ ಮನಸ್ಸಿನಿಂದ. ಮಾಮ ಕುಕ್ಕರಗಾಲಲ್ಲಿ ಕುಳಿತು ಆಕೆಯ ಪಾದವನ್ನು ಹಲಗೆಯ ಮೇಲೆ ಇಡಿಸುತ್ತಾರೆ. ಆರೂವರೆ.

"ಐದು ಎಲ್ಲಿ ಹೋಯ್ತೇ?"

"ನಿಮ್ಮ ಹಿಂದೆ ಸುತ್ತೀ ಸುತ್ತೀ ಅಗಲ ಆಯ್ತು. ಕೇಳಿದ್ರೆ ಹೇಳ್ತಿದ್ದೆ."

ಮಾಮ ಹೊಸ ಜೋಡಿ ತೊಡಿಸಿ, ದಾರ ಕಟ್ಟಿ, ತುದಿಯನ್ನು ಒತ್ತಿ ನೋಡುತ್ತಾರೆ. "ನೋವಾದ್ರೆ ಹೇಳು. ಈ ಸಲ ನನ್ನ ಮುಖ ನೋಡಿ ಸುಮ್ನಿರ್ಬೇಡ."

ಆಕೆ ಗೋಡೆ ಹಿಡಿದುಕೊಂಡು ಬೀದಿಗಿಳಿಯುತ್ತಾರೆ. ನಾಲ್ಕು ಹೆಜ್ಜೆಯ ನಂತರ ಗೋಡೆ ಬಿಡುತ್ತಾರೆ. ತಿರುವಿನವರೆಗೆ ಹೋಗಿ ಮರಳುವಷ್ಟೂ ಹೊತ್ತು ಮಾಮ ಹೊಸ್ತಿಲಲ್ಲಿ ನಿಂತು ಆಕೆಯ ಪಾದಗಳನ್ನೇ ನೋಡುತ್ತಿದ್ದಾರೆ. ಆಕೆ ಬಂದರು. ಆದರೆ ಒಳಗೆ ಬರಲಿಲ್ಲ.

"ನೀವು ಅಂಗಡಿ ನೋಡ್ಕೊಳ್ಳಿ. ನಾನು ಇನ್ನೊಂದು ಸುತ್ತು ಹೋಗಿ ಬರ್ತೀನಿ."